ಕೆರೆಯ ಜ್ವರ

ಗುಡ್ಡದ ಮೇಲಿನ ಕೆರೆಗೆ ಜ್ವರ ಬಂದಿದೆಯೇ ಎಂದು ನೋಡಿಕೊಂಡು ಹೋಗಲು ಸರಕಾರ ಒಬ್ಬ ಸಾಹೇಬನನ್ನು ಕಳಿಸಿದೆ ಎಂಬ ಸುದ್ದಿ ಬಂದಾಗ ಸಿದ್ದಕ್ಕ ರೊಟ್ಟಿ ಬಡಿಯುತ್ತಿದ್ದಳು. ಸುದ್ದಿ ತಂದವಳು ಸೊಸೆ ತಾರವ್ವ. ನೀರಿಗೆ ಹೋದವಳು ಅರ್ಧ ಕೊಡ ತುಂಬಿಕೊಂಡು ಓಡಿ ಬಂದಿದ್ದಳು.

"ಅತ್ತೀ, ಗಾಜಿನ ಕಡ್ಡಿ ನೀರಾಗ ಎದ್ದಿ ಎದ್ದಿ ತಗದು ಬಿಸಲಿಗೆ ಹಿಡದು ನೋಡಾಕತ್ತಾನ. ಜಮಖಂಡಿ ದವಾಖಾನ್ಯಾಗ ಬಾಯಾಗ ಇಡ್ತಾರಲ್ಲ, ಅಂಥಾದ್ದ. ನನ್ನ ನೋಡಿ ಕೇಳಿದ, ಈ ಕೆರಿಗೆ ಜರಾ ಅದ ಏನವಾ ಅಂತ."

"ನೀ ಏನಂದಿ?"

"ನಾ ಏನನ್ಲಿ? ನಮ್ಮ ಅತ್ತೀನ ಕೇಳಿ ಹೇಳ್ತೇನ್ರಿ ಅಂತಂದು ಓಡಿ ಬಂದೆ."

"ಬಿಸಲಾಗ ತಿರಗಿ ತಿರಗಿ ಅವಗ ಬಂದಿರಬೇಕು ತಗೋ" ಎಂದು ಸಿದ್ದಕ್ಕ ನಕ್ಕಳು. ಆದರೆ ಹಂಚಿನ ಮೇಲಿದ್ದ ರೊಟ್ಟಿ ಸೀದು ಕಪ್ಪಾಯಿತು. ಈ ಮನೆಗೆ ಬಂದ ಎಂಟು ವರ್ಷಗಳಲ್ಲಿ ಅತ್ತೆಯ ಕೈಯಲ್ಲಿ ರೊಟ್ಟಿ ಸೀದದ್ದನ್ನು ತಾರವ್ವ ನೋಡಿದ್ದು ಅದೇ ಮೊದಲು.

ಸಿದ್ದಕ್ಕ ಹೆದರಿದ್ದು ಸುಮ್ಮಸುಮ್ಮನೆ ಅಲ್ಲ. ಹಿಂದಿನ ವರ್ಷ ಮಲೇರಿಯಾದ ಪುಡಿ ಹೊಡೆಯುವವರು ಬಂದು, ಗೋಡೆಗೋಡೆಗೂ ಬಿಳಿ ನೀರು ಸಿಂಪಡಿಸಿ, ನೀರು ನಿಂತಲ್ಲಿ ಸೊಳ್ಳೆ, ಸೊಳ್ಳೆ ಇದ್ದಲ್ಲಿ ಜ್ವರ ಎಂದು ಸಾರಿ ಹೋಗಿದ್ದರು. ಗುಡ್ಡದ ಕೆಳಗಿನ ಊರಿನಲ್ಲಿ ಚಾವಡಿಯ ಹಿಂದಿದ್ದ ಹೊಂಡವನ್ನು ಎರಡೇ ದಿನದಲ್ಲಿ ಮಣ್ಣು ಹಾಕಿ ಮುಚ್ಚಿಸಿದ್ದರು. ಆ ಹೊಂಡ ನಾರುತ್ತಿತ್ತು, ಮುಚ್ಚಿಸಿದ್ದಕ್ಕೆ ಊರವರೇ ಖುಷಿಪಟ್ಟರು, ಆ ಮಾತು ಬೇರೆ. ಸಿದ್ದಕ್ಕನ ತಲೆಯಲ್ಲಿ ಉಳಿದದ್ದು ಮಾತ್ರ ಇಷ್ಟೇ: ಜ್ವರ ಎಂದು ಗೊತ್ತಾದರೆ ಸರಕಾರ ಮಣ್ಣು ಹಾಕುತ್ತದೆ.

ಬೀಳಗಿಯಿಂದ ಜಮಖಂಡಿಗೆ ಹೋಗುವ ಹಾದಿಯ ಬದಿಗೆ ಎದ್ದ ಗುಡ್ಡಸಾಲಿನ ನೆತ್ತಿಯ ಮೇಲೆ ಕುರುಬರ ಹದಿನೆಂಟು ಮನೆಗಳ ಹಟ್ಟಿ. ಅದರ ಪಕ್ಕಕ್ಕೆ ಈ ಕೆರೆ. ಮೂರು ಕಡೆ ಗುಡ್ಡದ ಹೆಗಲು, ನಾಲ್ಕನೆಯ ಕಡೆ ಯಾವ ಕಾಲದಲ್ಲಿ ಯಾರು ಕಟ್ಟಿಸಿದರೋ ಗೊತ್ತಿಲ್ಲದ ಕಲ್ಲಿನ ಏರಿ. ಚೈತ್ರದಲ್ಲಿ ಕೆಳಗಿನ ಹಳ್ಳಗಳೆಲ್ಲ ಬಾಯಿ ಬಿಟ್ಟಾಗಲೂ ಇದರ ನಡುವೆ ಎದೆಮಟ್ಟ ನೀರಿರುತ್ತಿತ್ತು. ಉಣ್ಣೆ ಕತ್ತರಿಸುವ ಮುಂಚೆ ಕುರಿ ತೊಳೆಯುವುದು ಇದರಲ್ಲೇ, ಹೊಸ ಸೊಸೆ ಮೊದಲ ಕೊಡ ತುಂಬುವುದೂ ಇದರಲ್ಲೇ. ಇಷ್ಟಾದರೂ ಅದಕ್ಕೊಂದು ಹೆಸರಿರಲಿಲ್ಲ. ಇನ್ನೊಂದು ಕೆರೆ ಇದ್ದರಲ್ಲವೇ ಹೆಸರು ಬೇಕಾಗುವುದು! ಕೆರಿ ಅಂದರೆ ಇದು, ಅಷ್ಟೇ.

ಈಗ ಸಾಹೇಬನ ಕಡೆಯ ಸಂಗತಿಯನ್ನೂ ಹೇಳಿಬಿಡಬೇಕು, ಇಲ್ಲವಾದರೆ ಆ ಪಾಪದ ಹುಡುಗನಿಗೆ ಅನ್ಯಾಯವಾಗುತ್ತದೆ. ಅವನ ಹೆಸರು ಗುರುರಾಜ. ಇಪ್ಪತ್ತಾರರ ಪ್ರಾಯದ ಓವರ್ಸಿಯರ್. ಹುಟ್ಟಿದ್ದು ಜಮಖಂಡಿಯ ಅಜ್ಜನ ಮನೆಯಲ್ಲಿ, ಶಾಲೆ ಕಲಿತದ್ದು ಸಾಂಗ್ಲಿಯಲ್ಲಿ, ಪರೀಕ್ಷೆ ಪಾಸಾದದ್ದು ಪುಣೆಯಲ್ಲಿ. ಹೀಗಾಗಿ ಊಟ, ಸ್ನಾನ, ಜಗಳ ಇವಕ್ಕೆಲ್ಲ ಅವನಲ್ಲಿ ಕನ್ನಡವಿತ್ತು. ಕಲ್ಲು, ಮಣ್ಣು, ನೀರಿನ ಕೆಲಸಕ್ಕೆ ಬರೀ ಮರಾಠಿ. ಮರಾಠಿಯಲ್ಲಿ ಝರಾ ಎಂದರೆ ನೆಲದೊಳಗಿಂದ ಉಕ್ಕುವ ಸೆಲೆ. ಹಟ್ಟಿಯವರ ಬಾಯಲ್ಲಿ ಜರಾ ಎಂದರೆ ಜ್ವರ. ಎರಡರ ನಡುವೆ ಇರುವುದು ಒಂದು ಮಹಾಪ್ರಾಣ ಮಾತ್ರ, ಗುಡ್ಡದ ಮೇಲಿನ ಗಾಳಿಯಲ್ಲಿ ಆ ಪ್ರಾಣ ಎಲ್ಲಿ ಉಳಿಯಬೇಕು!

ಇನ್ನು ಅವನು ಬಂದ ಕೆಲಸ. ಜಮಖಂಡಿ, ಮುಧೋಳದ ರಾಜರ ಆಳ್ವಿಕೆ ಹೋಗಿ ಮುಂಬಯಿ ಸರಕಾರ ಬಂದು ಆರು ವರ್ಷವಾಗಿತ್ತು. ಗುಡ್ಡದ ಬುಡದಲ್ಲಿ ಒಂದು ದೊಡ್ಡ ಕೆರೆ ಕಟ್ಟಿಸುವ ಯೋಚನೆ ನಡೆದಿತ್ತು. ಮೇಲಿನ ಕೆರೆಯಲ್ಲಿರುವುದು ಬರೀ ಮಳೆನೀರಾದರೆ ಅದರ ಏರಿ ಒಡೆದು, ಬಿದ್ದ ನೀರೆಲ್ಲ ಕೆಳಗೇ ಇಳಿಯುವಂತೆ ಮಾಡುವುದು. ನೆಲದ ಸೆಲೆ ಇದ್ದರೆ ಅದನ್ನು ಮುಟ್ಟದೆ ಹಾಗೇ ಬಿಡುವುದು, ಯಾಕೆಂದರೆ ಸೆಲೆಯಿರುವ ಕೆರೆ ವರ್ಷವಿಡೀ ಒಸರಿ ಕೆಳಗಿನದಕ್ಕೂ ನೀರು ಕೊಡುತ್ತದೆ. ಸೆಲೆ ಇದೆಯೋ ಇಲ್ಲವೋ, ಇದ್ದರೆ ಎಷ್ಟು, ಅಳೆದು ಹೇಳುವುದು ಗುರುರಾಜನ ಕೆಲಸ. ಏರಿ ಒಡೆಯುವ ಮಾತು ಸದ್ಯಕ್ಕೆ ಹಟ್ಟಿಯವರ ಕಿವಿಗೆ ಬೀಳಬಾರದು ಎಂದು ಮೇಲಿನವರು ಅವನಿಗೆ ಹೇಳಿ ಕಳಿಸಿದ್ದರು.

ಝರಾ ಇದೆ ಎಂದರೆ ಕೆರೆ ಉಳಿಯುತ್ತದೆ, ಇಲ್ಲ ಎಂದರೆ ಹೋಗುತ್ತದೆ. ಹಟ್ಟಿಯವರು ತಿಳಿದುಕೊಂಡದ್ದು ಇದಕ್ಕೆ ಸರಿಯಾಗಿ ತಿರುವುಮುರುವು.

ಮರುದಿನ ಮುಂಜಾನೆ ಬೀರಪ್ಪನ ಗುಡಿಯ ಕಟ್ಟೆಯ ಮೇಲೆ ಪಂಚನಾಮೆಗೆ ಜನ ಸೇರಿದರು. ಹಟ್ಟಿಯ ಹಿರಿಯನೂ ಬೀರಪ್ಪನ ಪೂಜಾರಿಯೂ ಆದ ಗಿರಮಲ್ಲಪ್ಪ ದೊಡ್ಡ ರುಮಾಲು ಸುತ್ತಿಕೊಂಡು ಮುಂದೆ ಕೂತಿದ್ದ. ಗುರುರಾಜ ಕಾಗದ ಬಿಡಿಸಿ, ಪೆನ್ನಿನ ಟೋಪಿ ತೆಗೆದು, ತನ್ನ ಕೈಲಾದಷ್ಟು ಅಕ್ಕರೆಯಿಂದ ಕೇಳಿದ.

"ಖರೆ ಖರೆ ಹೇಳ್ರಿ. ಅಂಜಬ್ಯಾಡ್ರಿ. ಈ ಕೆರಿಗೆ ಝರಾ ಅದ ಏನು?"

"ಇಲ್ರಿ" ಎಂದ ಗಿರಮಲ್ಲಪ್ಪ. "ನಮ್ಮ ಅಜ್ಜನ ಕಾಲದಿಂದ ಇಲ್ಲ."

"ಮಳಿಗಾಲದಾಗರೆ ಬರತದೇನು?"

"ಎಂದೂ ಬಂದಿಲ್ರಿ. ಭಾಳ ಗಟ್ಟಿ ಕೆರಿ ಐತ್ರಿ ಇದು."

"ದೊಡ್ಡದು ಇರಲಿಕ್ಕಿಲ್ಲ. ಸಣ್ಣದು? ಒಂದು ಸಣ್ಣ ಝರಾ?"

"ಸಣ್ಣ ಜರಾನೂ ಇಲ್ರಿ. ಮೈ ಬೆಚ್ಚಗಾಗಿದ್ದು ಸೈತ ಇಲ್ಲ."

ಬಿಸಿಲಿನ ದಿನವಾದ್ದರಿಂದ ಆ ಕೊನೆಯ ಮಾತು ಗುರುರಾಜನಿಗೆ ವಿಚಿತ್ರವೆನಿಸಲಿಲ್ಲ. ಅವನಿಗೆ ಬೇಸರವಾಯಿತು. ಅಂಥ ಚಂದದ ನೀರು ಒಡೆದು ಹರಿದು ಹೋಗುವುದು ಅವನಿಗೂ ಬೇಕಿರಲಿಲ್ಲ. ಸ್ವಲ್ಪ ಮುಂದೆ ಬಾಗಿ, "ನೋಡ್ರಿ, ಝರಾ ಇದ್ರ ಛಲೋ ಆಗತದ. ನೆನಪು ಮಾಡಿಕೊಂಡು ಹೇಳ್ರಿ" ಎಂದ.

ಜನ ಒಬ್ಬರ ಮುಖ ಒಬ್ಬರು ನೋಡಿದರು. ಜ್ವರ ಇದ್ದರೆ ಛಲೋ ಎನ್ನುವ ಸಾಹೇಬನನ್ನು ಹೇಗೆ ನಂಬುವುದು? ಒಳಗೆ ಏನೋ ಇದೆ ಎಂದು ಎಲ್ಲರಿಗೂ ಒಟ್ಟಿಗೇ ಅನ್ನಿಸಿತು. ಹೆಂಗಸರ ಸಾಲಿನಿಂದ ಸಿದ್ದಕ್ಕ ಎದ್ದು ಬಂದಳು. ಗುಡಿಯ ಹೊಸ್ತಿಲಿಗೆ ಹೋಗಿ ತಟ್ಟೆಯಲ್ಲಿದ್ದ ಭಂಡಾರವನ್ನು ಅಂಗೈ ತುಂಬ ಹಿಡಿದುಕೊಂಡಳು. ಹಟ್ಟಿಯಲ್ಲಿ ಬೀರಪ್ಪನ ಅರಿಸಿನ ಹಿಡಿದು ಆಡಿದ ಮಾತಿಗೆ ಮೇಲ್ಮಾತಿಲ್ಲ.

"ಬೀರಪ್ಪನ ಆಣಿ ಮಾಡಿ ಹೇಳ್ತೇನ್ರಿ ಸಾಹೇಬ್ರ. ಈ ಕೆರಿಗೆ ಜರಾ ಇಲ್ಲ. ಇದರ ದಂಡಿಗೂ ಜರಾ ಬಂದಿಲ್ಲ. ಬರಕೋರಿ."

ಸಾಹೇಬ ಬರೆದುಕೊಂಡ. ಕೆರೆಗೆ ಝರಾ ಇರುವುದಿಲ್ಲ ಎಂದು ಗಟ್ಟಿಯಾಗಿ ಓದಿ ತೋರಿಸಿದ. ಹೌದ್ರಿ, ಹೌದ್ರಿ ಎಂದು ಎಲ್ಲರೂ ತಲೆ ಅಲ್ಲಾಡಿಸಿದರು. ಮೊದಲ ಹೆಬ್ಬಟ್ಟು ಸಿದ್ದಕ್ಕನದು, ಅದರ ಕೆಳಗೆ ಗಿರಮಲ್ಲಪ್ಪನದು, ಒಟ್ಟು ಹನ್ನೆರಡು. ತಮ್ಮ ಕೆರೆಯನ್ನು ಉಳಿಸಿಕೊಂಡೆವೆಂದು ಹಟ್ಟಿಯವರು ಅಂದು ಬೆಲ್ಲ ಹಂಚಿ ತಿಂದರು. ಪಂಚನಾಮೆ ಟಪಾಲಿನಲ್ಲಿ ವಿಜಾಪುರಕ್ಕೆ ಹೋಯಿತು.

ಬೆಲ್ಲ ತಿನ್ನಲಾಗದೆ ಕೂತವಳು ಸಿದ್ದಕ್ಕ ಒಬ್ಬಳೇ. ಅಂಗೈಯ ಅರಿಸಿನವನ್ನು ಎರಡು ಸಲ ತೊಳೆದಳು, ಹೋಗಲಿಲ್ಲ. ಕೆರೆಗೆ ಜ್ವರವಿಲ್ಲ ಎಂದಿದ್ದರೆ ಸಾಕಿತ್ತು, ದಂಡೆಯ ಮಾತು ಯಾಕೆ ಬಾಯಿಗೆ ಬಂತೋ. ಹನ್ನೆರಡು ವರ್ಷದ ಹಿಂದೆ ಅವಳ ಗಂಡ ಜ್ವರದಲ್ಲಿ ಸತ್ತದ್ದು ಅದೇ ದಂಡೆಯ ಮೇಲೆ, ಕರಿಬಂಡೆಯ ನೆರಳಿನಲ್ಲಿ. ಕೃಷ್ಣಾ ಹೊಳೆಯ ಬದಿಗೆ ಕುರಿ ಹೊಡೆದುಕೊಂಡು ಹೋದವನು ಅಲ್ಲಿಂದ ತಂದ ಜ್ವರ ಅದು, ಕೆರೆಯದಲ್ಲ ಎಂದು ಅವಳ ನಂಬಿಕೆ. ಆದರೆ ನಂಬುವುದು ಬೇರೆ, ಭಂಡಾರ ಹಿಡಿದು ಹೇಳುವುದು ಬೇರೆ. ದೇವರ ಮುಂದೆ ಸುಳ್ಳಾಡಿದೆ ಎಂಬ ಭಾರ ಅವಳ ಎದೆಯ ಮೇಲೆ ಕೂತುಬಿಟ್ಟಿತು. ಕೆರೆಗೋಸ್ಕರ ಆಡಿದ ಸುಳ್ಳು ತಾನೇ, ಬೀರಪ್ಪನೂ ಕುರಿ ಕಾಯ್ದವನೇ, ತಿಳಿದುಕೊಂಡಾನು ಎಂದು ತನಗೆ ತಾನೇ ಹೇಳಿಕೊಂಡಳು.

ಗುರುರಾಜ ಮಾತ್ರ ಹೋಗಲಿಲ್ಲ. ಏರಿಯ ಮೇಲೆ ಡೇರೆ ಹಾಕಿ ಅಳೆಯಲು ಕೂತ. ಅವನು ಅಳೆಯುವ ರೀತಿ ನೋಡಿ ಹಟ್ಟಿಯ ಹೆಂಗಸರಿಗೆ ದಿನಾ ಒಂದು ತಮಾಷೆ. ನೀರಿನಲ್ಲಿ ಒಂದು ಗೆರೆ ಕೊರೆದ ಮರದ ಪಟ್ಟಿ ನೆಟ್ಟಿದ್ದ. ದಂಡೆಯ ಮೇಲೆ ಒಂದು ದೊಡ್ಡ ತಗಡಿನ ಪರಾತವಿಟ್ಟು ಅದಕ್ಕೆ ಕೆರೆಯ ನೀರು ತುಂಬಿ, ಕುರಿ ಬಾಯಿ ಹಾಕದಂತೆ ಸುತ್ತ ಜಾಲಿಮುಳ್ಳಿನ ಬೇಲಿ ಕಟ್ಟಿದ್ದ. ಮುಂಜಾನೆಯೊಮ್ಮೆ ಸಂಜೆಯೊಮ್ಮೆ ಪಟ್ಟಿ ನೋಡುವುದು, ಪರಾತ ನೋಡುವುದು, ಬರೆದುಕೊಳ್ಳುವುದು. ಪರಾತಕ್ಕೆ ಬಿಸಿಲೊಂದೇ ಶತ್ರು. ಅದರ ನೀರು ಎಷ್ಟು ಇಳಿಯುತ್ತದೋ ಕೆರೆಯದೂ ಅಷ್ಟು ಇಳಿಯಬೇಕು. ಕಡಿಮೆ ಇಳಿದರೆ, ಆ ಉಳಿದದ್ದನ್ನು ನೆಲ ಒಳಗಿನಿಂದ ತುಂಬುತ್ತಿದೆ ಎಂದರ್ಥ.

"ಎಷ್ಟು ಕುರಿ ಅವ ಸಿದ್ದಕ್ಕ ನಿಮ್ಮವು?" ಎಂದು ಒಂದು ದಿನ ಕೇಳಿದ.

"ಯಾಕ್ರಿ, ಅವಕ್ಕೂ ಕಡ್ಡಿ ಇಡವ್ರೇನು?"

"ಅಲ್ಲವಾ. ಒಂದು ಕುರಿ ದಿನಕ್ಕ ಎಷ್ಟು ನೀರು ಕುಡೀತದ ಅಂತ ಲೆಕ್ಕ ಹಿಡೀಬೇಕು."

ಸಿದ್ದಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು. ಕುರಿ ಕುಡಿದ ನೀರನ್ನು ಅಳೆಯುವ ಸರಕಾರ ಇದುವರೆಗೆ ಬಂದಿರಲಿಲ್ಲ. ಆದರೂ ಹುಡುಗ ಬಿಸಿಲಿನಲ್ಲಿ ಒಣಗುತ್ತಿದ್ದ, ಅವಲಕ್ಕಿ ಬಿಟ್ಟು ಬೇರೆ ಏನೂ ತಿನ್ನುತ್ತಿರಲಿಲ್ಲ. ಜ್ವರ ಹುಡುಕಲು ಬಂದವನಾದರೂ ಯಾರೋ ತಾಯಿಯ ಮಗನೇ ಎಂದು ಅವಳಿಗೆ ಕನಿಕರ ಹುಟ್ಟಿತ್ತು.

ಹದಿನಾಲ್ಕನೆಯ ದಿನ ಮಧ್ಯಾಹ್ನ ಅವಳು ಒಂದು ತಂಬಿಗೆ ಮಜ್ಜಿಗೆ ಹಿಡಿದು ಡೇರೆಗೆ ಬಂದಳು. ಗುರುರಾಜ ಕಾಗದಗಳನ್ನು ಹರಡಿಕೊಂಡು ತಲೆ ಮೇಲೆ ಕೈ ಹೊತ್ತು ಕೂತಿದ್ದ. ಒಂದು ಅಂಗುಲಕ್ಕೆ ಎಂಟು ನೂಲು. ಪರಾತದ ನೀರು ದಿನಕ್ಕೆ ಮೂರು ನೂಲು ಇಳಿದಿತ್ತು, ಕೆರೆಯದು ಒಂದೇ ನೂಲು. ಅಂದರೆ ಎಲ್ಲೋ ಸೆಲೆ ಇರಲೇಬೇಕು. ಆದರೆ ಎಲ್ಲಿ? ಕಡ್ಡಿ ಇಟ್ಟ ಕಡೆಯೆಲ್ಲ ನೀರು ಒಂದೇ ಸಮ ಬೆಚ್ಚಗೆ. ಹಟ್ಟಿಯ ಹನ್ನೆರಡು ಮಂದಿ ದೇವರ ಮುಂದೆ ಇಲ್ಲ ಎಂದಿದ್ದಾರೆ. ಏರಿಯ ವಿಚಾರ ತೀರ್ಮಾನಿಸಲು ವಿಜಾಪುರದಿಂದ ದೊಡ್ಡ ಸಾಹೇಬ ನಾಡಿದ್ದೇ ಬರುವವನಿದ್ದ.

ಗುರುರಾಜ ಆಚೀಚೆ ನೋಡಿದ. ಕುರುಬರ ಮನೆಯ ಮಜ್ಜಿಗೆ ಕುಡಿದದ್ದು ಜಮಖಂಡಿಯ ಅಜ್ಜಿಗೆ ಗೊತ್ತಾದರೆ ಬರೀ ಸ್ನಾನಕ್ಕೆ ಮುಗಿಯುವ ಮಾತಾಗಿರಲಿಲ್ಲ. ಅಜ್ಜಿ ಇಪ್ಪತ್ತು ಮೈಲಿ ದೂರವಿದ್ದಳು, ತಂಬಿಗೆ ಎದುರಿಗಿತ್ತು. ಒಂದೇ ಗುಟುಕಿಗೆ ಅರ್ಧ ಮುಗಿಸಿ ಅವನು ಗಕ್ಕನೆ ನಿಂತ.

"ಸಿದ್ದಕ್ಕ, ಇದು ಇಷ್ಟು ಥಣ್ಣಗ ಹ್ಯಾಂಗದ?"

"ಕೆರ್ಯಾಗ ಗಡಿಗಿ ಹುಗದಿದ್ನಿರಿ. ಹುಳಿ ಆಗಬಾರದಂತ ಬ್ಯಾಸಿಗ್ಯಾಗ ಎಲ್ಲಾರೂ ಅಲ್ಲೇ ಇಡ್ತೇವಿ."

"ಕೆರಿ ನೀರು ಬಿಸಿ ಅದಲ್ಲ. ನಾ ದಿನಾ ನೋಡತೇನಿ."

"ದಂಡಿ ನೀರು ಬಿಸೀನರಿ. ಗಡಿಗಿ ಇಡೂದು ಕಣ್ಣಾಗ. ಕರಿಬಂಡಿ ಹಂತ್ಯಾಕ. ಅಲ್ಲಿ ನೆಲದಾಗಿಂದ ತಣ್ಣೀರು ಬರತೈತಲ್ಲರಿ, ಸೆಲಿ."

ಗುರುರಾಜ ತಂಬಿಗೆಯನ್ನು ಕೆಳಗಿಟ್ಟ. "ನೆಲದಾಗಿಂದ ನೀರು ಬರತದ? ಅದನ್ನ ಅಲ್ಲೇನು ನಾ ಅವತ್ತು ಬಡಕೊಂಡು ಬಡಕೊಂಡು ಕೇಳಿದ್ದು! ಝರಾ ಅದನೋ ಇಲ್ಲೋ ಅಂತ!"

"ಜರಾ ಅಂದ್ರ ಸೆಲಿ ಏನ್ರಿ?"

"ಮತ್ತೇನು?"

ಸಿದ್ದಕ್ಕ ತನ್ನ ಹಣೆ ಮುಟ್ಟಿ ತೋರಿಸಿದಳು. "ನಮ್ಮಲ್ಲಿ ಜರಾ ಅಂದ್ರ ಇದ್ರಿ. ಮೈ ಸುಡತೈತಲ್ಲ, ಹಲ್ಲು ಕಟಕಟ ಅಂತಾವಲ್ಲ, ಅದು. ನೀವು ಗಾಜಿನ ಕಡ್ಡಿ ಬ್ಯಾರೆ ತಂದಿದ್ರಿ."

ಗುರುರಾಜನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ಶುರುವಾದ ನಗು ಇಬ್ಬರಿಗೂ ನಿಲ್ಲಲೊಲ್ಲದು. ಭಾಳ ಗಟ್ಟಿ ಕೆರಿ ಐತ್ರಿ ಎಂದು ಗಿರಮಲ್ಲಪ್ಪ ಹೇಳಿದ್ದು ನೆನಪಾಗಿ ಅವನು ಹೊಟ್ಟೆ ಹಿಡಿದುಕೊಂಡು ಡೇರೆಯ ಗೂಟಕ್ಕೆ ಆತು ಕೂತ. ನಗುತ್ತ ನಗುತ್ತಲೇ ಅವನ ಮುಖ ಇಳಿದುಹೋಯಿತು. ಮೇಲಿನವರು ಬೇಡವೆಂದಿದ್ದ ಮಾತನ್ನು ಅವನು ಆಗ ಹೇಳಿಬಿಟ್ಟ. ಕೆಳಗೆ ಕಟ್ಟುವ ಕೆರೆಯ ಸಂಗತಿ, ಏರಿ ಒಡೆಯುವ ಸಂಗತಿ, ಝರಾ ಇಲ್ಲ ಎಂಬ ಪಂಚನಾಮೆ ವಿಜಾಪುರ ಮುಟ್ಟಿದ ಸಂಗತಿ, ಎಲ್ಲ.

ಯಾವ ಕೆರೆಯನ್ನು ಉಳಿಸಲು ಸಿದ್ದಕ್ಕ ಭಂಡಾರ ಹಿಡಿದಿದ್ದಳೋ ಅದನ್ನು ತಾನೇ ಒಡೆಸಲು ಹೆಬ್ಬಟ್ಟು ಒತ್ತಿದ್ದಳು.

ಅವಳು ನೇರ ಗಿರಮಲ್ಲಪ್ಪನ ಬಳಿ ಹೋದಳು. ಅವನು ಕೇಳಿ ಮೊದಲು ನಕ್ಕ, ಆಮೇಲೆ ರುಮಾಲು ತೆಗೆದು ತಲೆ ಕೆರೆದುಕೊಂಡ. "ಬೀರಪ್ಪನ ಮುಂದ ಆಡಿದ ಮಾತು ತಿರಗಿ ಹ್ಯಾಂಗ ನುಂಗೂದವಾ? ಮೊದಲ ಹೆಬ್ಬಟ್ಟು ನಿಂದು. ಮೊದಲ ನೀ ಮಾತಾಡು, ನಿನ್ನ ಹಿಂದ ನಾವು ಇರತೇವಿ" ಎಂದ. ತನ್ನ ಹಿಂದೆ ನಿಲ್ಲಲು ಹನ್ನೊಂದು ಜನ ಸಿಕ್ಕರು, ಮುಂದೆ ನಿಲ್ಲಲು ಒಬ್ಬನೂ ಇಲ್ಲ ಎಂದು ಸಿದ್ದಕ್ಕ ಬೈದುಕೊಂಡೇ ಮನೆಗೆ ಬಂದಳು.

ದೊಡ್ಡ ಸಾಹೇಬ ಹೇಳಿದ ದಿನಕ್ಕೆ ಸರಿಯಾಗಿ ಬಂದ. ಜೀಪು ಗುಡ್ಡದ ಬುಡದಲ್ಲೇ ನಿಂತಿತು, ಅಲ್ಲಿಂದ ಹತ್ತಿ ಬರುವಷ್ಟರಲ್ಲಿ ಅವನ ಅಂಗಿ ಬೆವರಿನಲ್ಲಿ ನೆನೆದು, ಸಿಟ್ಟು ನೆತ್ತಿಗೇರಿತ್ತು. ಐವತ್ತು ದಾಟಿದ ಮನುಷ್ಯ, ಧಾರವಾಡದ ಕಡೆಯವನು. ಗುರುರಾಜ ಜರಾ ಮತ್ತು ಝರಾದ ಕಥೆ ಹೇಳಿದಾಗ ಅವನ ಮೀಸೆಯ ತುದಿ ಒಮ್ಮೆ ಅಲ್ಲಾಡಿತು, ಅಷ್ಟೇ.

"ಕಥಿ ಛಲೋ ಅದ" ಎಂದ. "ಆದ್ರ ಹನ್ನೆರಡು ಮಂದಿ ದೇವರ ಆಣಿ ಮಾಡಿ ಇಲ್ಲ ಅಂದಾರ. ಏರಿ ಒಡೀತಾರಂತ ಗೊತ್ತಾದ ಮ್ಯಾಲೆ ಅದ ಅನ್ನಲಿಕ್ಕತ್ತಾರ. ಯಾವುದು ನಂಬಲಿ? ನಿನ್ನ ಪರಾತದಾಗ ಒಂದು ನಾಯಿ ಬಾಯಿ ಹಾಕಿದ್ರ ನಿನ್ನ ನೂಲಿನ ಲೆಕ್ಕ ಮುಗೀತು."

ಗುರುರಾಜ ತಲೆ ತಗ್ಗಿಸಿದ. ಗಿರಮಲ್ಲಪ್ಪ ಸಿದ್ದಕ್ಕನ ಕಡೆ ನೋಡಿದ. ಅವಳ ಹಿಂದೆ ಹನ್ನೊಂದು ಜನ ಹೇಳಿದ ಹಾಗೇ ನಿಂತಿದ್ದರು.

ಸಿದ್ದಕ್ಕ ಮುಂದೆ ಬಂದಳು. ಹೇಳಬೇಕೆಂದು ಎರಡು ದಿನದಿಂದ ಜೋಡಿಸಿಕೊಂಡಿದ್ದ ಮಾತೆಲ್ಲ ಮರೆತುಹೋಗಿತ್ತು. ಉಳಿದದ್ದು ಒಂದೇ, ಹನ್ನೆರಡು ವರ್ಷದಿಂದ ಯಾರ ಮುಂದೆಯೂ ಆಡದಿದ್ದ ಮಾತು.

"ಸಾಹೇಬ್ರ, ಭಂಡಾರ ಹಿಡದು ಹೇಳಿದಾಕಿ ನಾನ. ಇದರ ದಂಡಿಗೂ ಜರಾ ಬಂದಿಲ್ಲ ಅಂದೆ. ಅದು ಸುಳ್ಳರಿ. ನಮ್ಮ ಮನಿಯವರು ಜರದಾಗನ ಹ್ವಾದ್ರು, ಆ ಕರಿಬಂಡಿ ನೆಳ್ಳಾಗ. ಹೊಳಿದಂಡಿಗೆ ಹೋಗಿ ತಂದಿದ್ರು. ಇದ ಚೈತ್ರ, ಇದ ಬಿಸಲು. ಹನ್ನೊಂದು ದಿವಸ ಮಲಗಿದ್ರು. ದಂಡಿ ನೀರಾಗ ಅರಿವಿ ಎದ್ದಿ ಹಣಿಗೆ ಹಾಕಿದ್ರ ಬ್ಯಾಡ, ಬೆಚ್ಚಗೈತಿ ಅಂತಿದ್ರು. ಕಣ್ಣಿನ ನೀರು ತಾ ಅಂತಿದ್ರು. ನಾ ಕಾಲಿಲೆ ಕಣ್ಣು ಹುಡಕಿ, ಬಗ್ಗಿ ತಳದಾಗ ಅರಿವಿ ಎದ್ದಿ ತರತಿದ್ದೆ. ಅದು ಹಣಿ ಮ್ಯಾಲ ಬಿದ್ದಾಗ ಹಾ ಅಂತ ಒಂದು ಉಸರು ಬಿಡತಿದ್ರು. ಆ ಹನ್ನೊಂದು ದಿವಸದಾಗ ಅವರಿಗಿದ್ದ ಸುಖ ಅದೊಂದ. ಎಷ್ಟು ಸಲ ಹೋಗಿರಬೇಕು ಲೆಕ್ಕ ಹಾಕ್ರಿ, ನೀವು ಲೆಕ್ಕದವರು. ನನ್ನ ಕಾಲಿಗೆ ಆ ತಾವು ಕಣ್ಣು ಮುಚ್ಚಿದ್ರೂ ಗೊತ್ತು. ಅಲ್ಲಿ ಸೆಲಿ ಇಲ್ಲಂದ್ರ ಅವರ ಹಣಿ ತಣ್ಣಗಾಗಿದ್ದು ಯಾವುದರಿಂದ್ರಿ?"

ದೊಡ್ಡ ಸಾಹೇಬ ಕೈಯಲ್ಲಿದ್ದ ಪಂಚನಾಮೆಯನ್ನು ಮಡಚಿದ. "ತೋರಸು" ಎಂದ, ದನಿ ಮೊದಲಿನಷ್ಟು ಗಟ್ಟಿಯಾಗಿರಲಿಲ್ಲ.

ಸಿದ್ದಕ್ಕ ಸೀರೆ ಎತ್ತಿ ಕಟ್ಟಿ ಕರಿಬಂಡೆಯ ಹತ್ತಿರ ನೀರಿಗಿಳಿದಳು. ಗುರುರಾಜ ಗಾಜಿನ ಕಡ್ಡಿಗೆ ದಾರ ಕಟ್ಟಿಕೊಂಡು ಹಿಂದೆ ಹೋದ. ದಂಡೆಯಲ್ಲಿ ಕಡ್ಡಿ ತೊಂಬತ್ತೊಂದು ಡಿಗ್ರಿ ಫ್ಯಾರನ್‌ಹೀಟ್ ತೋರಿಸಿತು. ಅವಳು ನೀರು ನೋಡಲಿಲ್ಲ, ಎದುರಿನ ಗುಡ್ಡ ನೋಡುತ್ತ ಕಾಲು ಮುಂದಿಡುತ್ತ ಹೋದಳು. ಮೊಣಕಾಲು ಮುಳುಗುವಷ್ಟರಲ್ಲಿ ನಿಂತು, "ಇಲ್ಲಿ" ಎಂದಳು. ಅಲ್ಲಿ ತಳಕ್ಕೆ ಇಳಿಬಿಟ್ಟ ಕಡ್ಡಿ ಎಪ್ಪತ್ತೊಂಬತ್ತಕ್ಕೆ ನಿಂತಿತು.

"ತಳದ ನೀರು ಎಲ್ಲಾ ಕಡೆ ಥಣ್ಣಗಿರತದ" ಎಂದ ದೊಡ್ಡ ಸಾಹೇಬ ದಂಡೆಯಿಂದ.

ಗುರುರಾಜ ಬಟ್ಟೆಯ ಸಮೇತ ಎದೆಮಟ್ಟದ ನೀರಿಗೆ ಹೋಗಿ, ಅದಕ್ಕಿಂತ ಎರಡು ಪಟ್ಟು ಆಳದಲ್ಲಿ ಕಡ್ಡಿ ಬಿಟ್ಟ. ಎಂಬತ್ತೇಳು. ಮತ್ತೆ ಸಿದ್ದಕ್ಕ ನಿಂತಲ್ಲಿಗೆ ಬಂದು ಬಿಟ್ಟ. ಎಪ್ಪತ್ತೊಂಬತ್ತು. ಒಂದು ಮಾರು ಆಚೆ ಎಂಬತ್ತೊಂಬತ್ತು.

ದೊಡ್ಡ ಸಾಹೇಬ ಬಂಡೆಯ ಮೇಲೆ ಕೂತು ಬೂಟು ಬಿಚ್ಚಿದ, ಕಾಲುಚೀಲ ಬಿಚ್ಚಿದ, ಪ್ಯಾಂಟು ಮೊಣಕಾಲಿನವರೆಗೆ ಮಡಚಿದ. ಹಟ್ಟಿಯವರು ಮುಖ ತಿರುಗಿಸಿಕೊಂಡು ನಕ್ಕರು. ಅವನು ತಡವರಿಸುತ್ತ ಬಂದು ಸಿದ್ದಕ್ಕ ಬಿಟ್ಟುಕೊಟ್ಟ ಜಾಗದಲ್ಲಿ ಕಾಲಿಟ್ಟ. ಮರಳಿನೊಳಗಿಂದ ತಣ್ಣನೆಯ ನೀರು ಬೆರಳುಗಳ ಸಂದಿಯಲ್ಲಿ ಒತ್ತಿಕೊಂಡು ಮೇಲೆದ್ದಿತು. "ಹಾ" ಎಂದು ಅವನಿಗೆ ತಿಳಿಯದೆಯೇ ಉಸಿರು ಬಂತು. ಸಿದ್ದಕ್ಕ ಆ ಉಸಿರು ಕೇಳಿ ಬಂಡೆಯ ಕಡೆ ತಿರುಗಿಕೊಂಡಳು.

ಬೇಕಾದ್ದಕ್ಕಿಂತ ಹೆಚ್ಚು ಹೊತ್ತೇ ಅವನು ಅಲ್ಲಿ ನಿಂತಿದ್ದ. ಆಮೇಲೆ ಅಲ್ಲಿಂದಲೇ ಕೂಗಿ ಕೇಳಿದ, "ಏನ್ರಿ ಹಿರಿಯರ, ಈಗ ಹೇಳ್ರಿ. ಈ ಕೆರಿಗೆ ಝರಾ ಅದನೋ ಇಲ್ಲೋ?"

"ಐತ್ರಿ!" ಎಂದ ಗಿರಮಲ್ಲಪ್ಪ ರುಮಾಲು ಸರಿಮಾಡಿಕೊಂಡು. "ನಮ್ಮ ಅಜ್ಜನ ಕಾಲದಿಂದ ಐತಿ. ಎಂದೂ ಬಿಟ್ಟಿಲ್ರಿ."

"ಭಾಳ ಐತ್ರಿ!" ಎಂದಿತು ಹಿಂದಿನ ಸಾಲು. "ಮಳಿಗಾಲಕ್ಕಂತೂ ಏರತೈತ್ರಿ!"

ದೊಡ್ಡ ಸಾಹೇಬ ಅವತ್ತು ಮೊದಲ ಸಲ ಬಾಯಿ ತುಂಬ ನಕ್ಕ. ಹೊಸ ಪಂಚನಾಮೆಯಲ್ಲಿ ಗುರುರಾಜ ಸಿದ್ದಕ್ಕನನ್ನೇ ಕೇಳಿ ಕೇಳಿ ಸೆಲೆ ಎಂದು ಬರೆದ. ಮತ್ತೆ ಹನ್ನೆರಡು ಹೆಬ್ಬಟ್ಟು, ಮೊದಲನೆಯದು ಅವಳದೇ. ಏರಿ ಒಡೆಯುವ ಮಾತು ಅಲ್ಲಿಗೆ ಮುಗಿಯಿತು. ಹೋಗುವಾಗ ದೊಡ್ಡ ಸಾಹೇಬ ಮಜ್ಜಿಗೆ ಕೇಳಿ ಕುಡಿದ, ಎರಡು ಸಲ.

ಕೆರೆ ಉಳಿಯಿತು, ಹಟ್ಟಿ ಮತ್ತೊಮ್ಮೆ ಬೆಲ್ಲ ಹಂಚಿತು. ಈ ಸಲ ಸಿದ್ದಕ್ಕನೂ ತಿಂದಳು. ಆದರೂ ಭಂಡಾರದ ಮಾತು ಅವಳೊಳಗೆ ಮುಳ್ಳಾಗಿ ಉಳಿದೇ ಇತ್ತು. ಸಾಹೇಬನ ಮುಂದೆ ಖರೆ ಹೇಳಿದ್ದಾಯಿತು, ಬೀರಪ್ಪನ ಮುಂದೆ ಆಡಿದ್ದನ್ನು ಅಳಿಸುವುದು ಹೇಗೆ? ಗುಡಿಗೆ ಹೋದಾಗಲೆಲ್ಲ ಭಂಡಾರದ ತಟ್ಟೆ ನೋಡದೆ ಕೈಮುಗಿದು ಬರುತ್ತಿದ್ದಳು.

ಮುಂದಿನ ವರ್ಷ ಚೈತ್ರದಲ್ಲಿ ಗುರುರಾಜ ಮತ್ತೆ ಬಂದ, ನಾಚಿದ ಮುಖ ಹೊತ್ತುಕೊಂಡು. ದಪ್ತರಿನಲ್ಲಿ ಕೆರೆಗೆ ಒಂದು ಹೆಸರು ಬೇಕಾಗಿತ್ತು. ದೊಡ್ಡ ಸಾಹೇಬ ಝರಾದ ಕೆರೆ ಎಂದು ಬರೆದು ಕಳಿಸಿದ್ದ. ಕಲ್ಲು ಕೆತ್ತುವವನು ಬೀಳಗಿಯವನು, ತನಗೆ ಗೊತ್ತಿದ್ದ ಅಕ್ಷರದಲ್ಲಿ ಕೆತ್ತಿದ್ದ. ಆಳುಗಳು ಆ ಕಲ್ಲನ್ನು ತಂದು ಕರಿಬಂಡೆಯ ಪಕ್ಕದಲ್ಲೇ ನೆಟ್ಟೂ ಆಗಿತ್ತು.

"ಏನಂತ ಬರದೈತ್ರಿ?" ಎಂದು ಸಿದ್ದಕ್ಕ ಕೇಳಿದಳು.

"ಜರದ ಕೆರೆ ಅಂತ ಆಗೇದ" ಎಂದ ಗುರುರಾಜ. "ಕೆತ್ತಿದವ ತಪ್ಪು ಮಾಡ್ಯಾನ. ಕಿತ್ತಿಸಿ ಬ್ಯಾರೆ ಹಾಕಸ್ತೇನಿ, ನೀ ಮನಸಿಗೆ ಹಚ್ಚಿಕೋಬ್ಯಾಡ."

ತಾರವ್ವ ಗೊಳ್ಳನೆ ನಕ್ಕಳು. ಸಿದ್ದಕ್ಕ ನಗಲಿಲ್ಲ. ಕಲ್ಲಿನ ಹತ್ತಿರ ಹೋಗಿ ಅಕ್ಷರಗಳ ಮೇಲೆ ಹೆಬ್ಬೆರಳಾಡಿಸಿದಳು. ಪಕ್ಕದಲ್ಲಿ ಗಂಡ ಮಲಗಿದ್ದ ಜಾಗ, ನಾಲ್ಕು ಹೆಜ್ಜೆಗೆ ಕಣ್ಣು.

"ಇರಲಿ ಬಿಡ್ರಿ" ಎಂದಳು. "ಜರಾನೂ ಇಲ್ಲೇ ಇತ್ತು, ಸೆಲೀನೂ ಇಲ್ಲೇ ಐತಿ. ನಾ ಬೀರಪ್ಪನ ಮುಂದ ಮುಚ್ಚಿಟ್ಟಿದ್ದನ್ನ ಕಲ್ಲು ಹೇಳಿಬಿಟ್ಟೈತಿ. ಇನ್ನ ನನ್ನ ಮ್ಯಾಲೇನೂ ಉಳೀಲಿಲ್ಲ."

ಅವಳು ಸೆರಗು ಸಿಕ್ಕಿಸಿ, ಸೀರೆ ಎತ್ತಿ ಕಟ್ಟಿದಳು. "ನಿಂದರ್ರಿ, ಮಜ್ಜಿಗಿ ಕುಡದು ಹೋಗೀರಂತ" ಎಂದು ಎದುರಿನ ಗುಡ್ಡ ನೋಡುತ್ತ ನೀರಿಗಿಳಿದಳು.